ಪ್ರಾರ್ಥನೆಯ ನೀರು ಕುಡಿದ ಪಿಕಪ್

ಕೆರೆಂಗ್ ತನ್ನ ಪಿಕಪ್ಪಿನ ಖರ್ಚನ್ನು ಎಂದೂ ದುಡ್ಡಿನಲ್ಲಿ ಎಣಿಸಿದವನಲ್ಲ, ದನದಲ್ಲಿ ಎಣಿಸಿದವನು. ಕ್ಲಚ್ ಪ್ಲೇಟಿಗೆ ಹೋದದ್ದು ಬಿಳಿ ಹೋರಿ. ಡೀಸೆಲ್ ಪಂಪಿಗೆ ಹೋದದ್ದು ಅಪ್ಪ ಸಾಕಿದ್ದ ಕೆಂದ ಹಸುವಿನ ಕೊನೆಯ ಕರು. ಕಮಾನು ಪಟ್ಟಿ ಮುರಿದಾಗ, ಟೈರು ಸವೆದಾಗ ಹೋದ ಆಡುಗಳಿಗೆ ಲೆಕ್ಕವಿಲ್ಲ. ಕೊಂಡಾಗಲೇ ಅದು ಬೇರೆಯವರ ಕೈಯಲ್ಲಿ ಸವೆದು ಹಣ್ಣಾಗಿದ್ದ ಗಾಡಿ. ಊರಿನ ಹೆಣ, ಮದುವೆಯ ಪಾತ್ರೆ, ಸೌದೆ, ಎಲ್ಲವನ್ನೂ ಹೊತ್ತಿತ್ತು. ದೊಡ್ಡಿ ಬರಿದಾಗುತ್ತ ಬಂದಂತೆ ಬೋಟ್ಸ್ವಾನಾದ ಆ ಪುಟ್ಟ ಊರಿನವರು, "ಕೆರೆಂಗಣ್ಣನ ದನ ಎಲ್ಲಾ ಆ ಬಾನೆಟ್ ಕೆಳಗೇ ಕಟ್ಟಿವೆ ನೋಡು" ಎಂದು ನಗುತ್ತಿದ್ದರು.

ಹೆಡ್ ಗ್ಯಾಸ್ಕೆಟ್ ಹೋದಾಗ ಮಾರಲು ಏನೂ ಉಳಿದಿರಲಿಲ್ಲ. ತಂಪು ಮಾಡಬೇಕಾದ ನೀರು ಇಂಜಿನ್ನಿನ ಒಳಕ್ಕೇ ಇಳಿಯುತ್ತಿತ್ತು. ಬೆಳಿಗ್ಗೆ ಚಾಲೂ ಮಾಡಿದರೆ ಅಂಗಳದ ತುಂಬ ಬಿಳಿ ಹೊಗೆ. ಸ್ವಲ್ಪ ದೂರ ಹೋದರೆ ಕಾವಿನ ಮುಳ್ಳು ಕೆಂಪಿಗೆ ಏರುತ್ತಿತ್ತು. ಊರೊಳಗೆ ಹೇಗೋ ನಡೆಯುತ್ತಿತ್ತು. ಪಡುವಣದ ಕಲಹರಿ ಮರಳಿಗೆ ಇಳಿದರೆ ಮಾತ್ರ ಅರ್ಧ ದಾರಿಯಲ್ಲೇ ಕೈಕೊಡುವುದು ಖಂಡಿತ.

ಅದೇ ಊರಿನ ಕೆಲೆಬೊನ್ಯೆಗೆ ಗಾಡಿ ಬೇಕಾದದ್ದು ಆ ಮರಳಿಗೇ. ಅವಳ ದನಗಳಿದ್ದದ್ದು ದೂರದ ದನದ ಬೀಡಿನಲ್ಲಿ. ಅಲ್ಲಿನ ಕೊಳವೆಬಾವಿ ಉಪ್ಪಾಗಿ, ಕತ್ತೆಗಾಡಿಯಲ್ಲಿ ಪೀಪಾಯಿ ಹೊರಿಸಿಕೊಂಡು ನೀರು ಸಾಗಿಸಿ ಸಾಕಾಗಿದ್ದಳು. ಪಿಕಪ್ಪಿಗೆ ಬದಲಾಗಿ ಮೂರು ಕಡಸು ಕೊಡುತ್ತೇನೆಂದಳು. ಗಾಡಿ ನೋಡಲು ಅವಳು ಬರುವ ಮುಂಜಾನೆ ಕೆರೆಂಗ್ ಬೇಗ ಎದ್ದು ಇಂಜಿನ್ ಓಡಿಸಿ, ಬಿಳಿ ಹೊಗೆಯೆಲ್ಲ ಹೋಗಿ ಬಿಸಿಯಾಗುವವರೆಗೆ ಬಿಟ್ಟಿದ್ದ. ಹಾಲು ಬೆರೆತಂತಾಗಿದ್ದ ಆಯಿಲನ್ನು ಹಿಂದಿನ ದಿನವೇ ಚೆಲ್ಲಿ ಹೊಸದು ಹಾಕಿದ್ದ. ಹೆಂಡತಿ ಗೊರಾಟಾ ಬಾಗಿಲಲ್ಲಿ ನಿಂತು ನೋಡಿದ್ದಳು. ಒಂದು ಮಾತು ಅಂದಿದ್ದರೆ ಅವನು ಜಗಳವಾಡಿ ಹಗುರಾಗಬಹುದಿತ್ತು.

ಕಡಸುಗಳನ್ನು ಹೊಡೆದುಕೊಂಡು ಬಂದ ದಿನ ಕೆಲೆಬೊನ್ಯೆ ಪದ್ಧತಿಯಂತೆ ಒಂದೊಂದರ ಬೆನ್ನ ಮೇಲೂ ಕೈಯಿಟ್ಟು ಅದರ ಗುಣ ಹೇಳಿದಳು. ದನ ಕೈಬದಲಾಗುವಾಗ ಕೊಡುವವರು ಅದರ ಗುಣ, ದೋಷ ಎರಡನ್ನೂ ಬಾಯಿಬಿಟ್ಟು ಹೇಳಬೇಕು. ಮುಚ್ಚಿಟ್ಟರೆ ಕೊಟ್ಟವರ ದೊಡ್ಡಿಗೆ ಒಳ್ಳೆಯದಾಗುವುದಿಲ್ಲ.

"ಈ ಮಚ್ಚೆದು ಬೇಲಿ ಹಾರ್ತಾಳಣ್ಣ, ಹುಷಾರು. ಕರಿದರ ಎಡಗಡೆ ಒಂದು ಮೊಲೆ ಕುರುಡು, ಹಾಲಿಳಿಯಲ್ಲ, ಆಮೇಲೆ ಬೈಕೋಬೇಡ. ಇವಳಂತೂ ಬಂಗಾರ. ಆದ್ರೆ ಹೆಂಗಸರ ಕೈಗೇ ಬಗ್ಗೋದು."

"ಹಾಗಾದ್ರೆ ನನ್ ಹಾಗೇ ಬಿಡು" ಎಂದಿದ್ದ ಕೆರೆಂಗ್. ಇಬ್ಬರೂ ನಕ್ಕಿದ್ದರು. ಕೀಲಿಕೈ ಕೊಡುವಾಗ ಅವನು ಗಾಡಿಯ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಅದು ದನವಲ್ಲ, ಕಬ್ಬಿಣ ಎಂದು ತನಗೆ ತಾನೇ ಹೇಳಿಕೊಂಡ. ಅವತ್ತು ಸಂಜೆ ಕಡಸುಗಳಿಗೆ ತನ್ನ ಮುದ್ರೆ ಹಾಕಲು ಬೆಂಕಿ ಹೊತ್ತಿಸಿದ. ಕಬ್ಬಿಣ ಕೆಂಪಾಯಿತು. ಯಾವ ಕಡಸನ್ನೂ ಮುಟ್ಟದೆ ಹಾಗೇ ಆರಿತು.

ಪ್ರಾರ್ಥನೆಯಾಗುವವರೆಗೆ ಕೆಲೆಬೊನ್ಯೆ ಗಾಡಿಯನ್ನು ದೂರಕ್ಕೆ ಓಡಿಸುವವಳಲ್ಲ. ಮನೆಯ ಮರದಡಿ ನಿಲ್ಲಿಸಿ, ಶನಿವಾರ ಪಾದ್ರಿ ಸೆಬೆಗೊನನ್ನು ಕರೆಸಿದಳು. ನೆರೆಯವರೆಲ್ಲ ಬಂದರು. ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ, ಶುಂಠಿ ಪಾನಕ. ಕಣ್ಣು ಮಂಜಾದ ಅವಳ ತಾಯಿಯನ್ನು ಆಗಲೇ ಮುಂದಿನ ಸೀಟಿನಲ್ಲಿ ಕೂರಿಸಿಯಾಗಿತ್ತು. ತನ್ನ ಸತ್ತ ಗಂಡ ಬಿಟ್ಟುಹೋದ ಆ ಬೀಡಿನ ದನಗಳ ಸದ್ದನ್ನು ಇನ್ನೊಮ್ಮೆ ಕೇಳಬೇಕೆನ್ನುವುದು ಮುದುಕಿಯ ಆಸೆ. ಪ್ರಾರ್ಥನೆ ಮುಗಿಯುತ್ತಿದ್ದಂತೆ ಹೊರಡುವುದೆಂದು ಹಿಂದೆ ಖಾಲಿ ಪೀಪಾಯಿಗಳನ್ನೂ ಕಟ್ಟಿದ್ದರು. ದಾರಿಯ ಕೊನೆಯ ಹಳ್ಳಿಯಲ್ಲಿ ಅವನ್ನು ತುಂಬಿಸುವುದಿತ್ತು. ಅಕ್ಟೋಬರ್ ಬಿಸಿಲಿಗೆ ಮರದ ನೆರಳೂ ಬಿಸಿಯಾಗಿತ್ತು.

ಪಾದ್ರಿ ಚಕ್ರಗಳಿಗೆ ನೀರು ಚಿಮುಕಿಸಿ, ಬಾನೆಟ್ ಎತ್ತಿಸಿ, ರೇಡಿಯೇಟರಿನ ಮುಚ್ಚಳ ತೆಗೆದು ಪ್ರಾರ್ಥನೆಯ ನೀರನ್ನು ಹುಯ್ದ. ತಂಬಿಗೆ ಬರಿದಾಯಿತು. ನೀರು ಮೇಲೆ ಕಾಣಲಿಲ್ಲ.

"ಇನ್ನೊಂದು ತನ್ನಿ" ಎಂದ. ಅದೂ ಬರಿದಾಯಿತು.

"ನೋಡ್ರಯ್ಯಾ!" ಪಾದ್ರಿಯ ದನಿ ನಡುಗಿತು. "ಎಷ್ಟೋ ಗಾಡಿಗೆ ಹುಯ್ದಿದೀನಿ, ಚೆಲ್ಲಿ ಕಾಲ ಮೇಲೆ ಬೀಳ್ತಿತ್ತು. ಇದಕ್ಕೆ ದೇವರ ದಾಹ! ಕುಡೀತಾ ಇದೆ!"

ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕಿದರು. ಯಾರೋ ಬಕೆಟ್ಟೇ ತಂದರು. ಕೆಲೆಬೊನ್ಯೆ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡಳು. ಕೆರೆಂಗ್ ಪಾನಕದ ಲೋಟ ಹಿಡಿದು ನಿಂತಿದ್ದ. ನೀರು ಗುಳುಗುಳು ಇಳಿಯುವುದು ಅವನ ಗಂಟಲಲ್ಲೇ ಇಳಿದಂತೆ ಕೇಳುತ್ತಿತ್ತು. ಗುಂಪಿನಾಚೆಯಿಂದ ಗೊರಾಟಾ ಅವನನ್ನೇ ನೋಡುತ್ತಿದ್ದಳು. ಅವನು ಕಣ್ಣು ತಪ್ಪಿಸಿದ.

"ಅಣ್ಣಾ, ಬಾ ಈ ಕಡೆ" ಕೆಲೆಬೊನ್ಯೆ ಕೂಗಿದಳು. "ಇಷ್ಟು ವರ್ಷ ಸಾಕಿದವನು ನೀನು. ಇದರ ಗುಣ ಹೇಳಿ ಕಳಿಸು. ಹಾರೋದಾ, ಒದೆಯೋದಾ?"

ಎಲ್ಲರೂ ನಕ್ಕರು. ಕೆರೆಂಗ್ ಬಾನೆಟ್ಟಿನ ಹತ್ತಿರ ಬಂದ. ಗಾಜಿನ ಹಿಂದೆ ಮುದುಕಿ ನೆಟ್ಟಗೆ ಕೂತಿದ್ದಳು, ಕೈಚೀಲ ಮಡಿಲಲ್ಲಿ.

"ಇದು... ನೀರು ಕುಡೀತದೆ" ಎಂದ.

"ಅದು ನಮಗೂ ಕಾಣ್ತದಲ್ಲ ಮಾರಾಯ!" ಗುಂಪಿನಲ್ಲಿ ಯಾರೋ ಅಂದರು. ಮತ್ತೆ ನಗು.

ಅಲ್ಲಿಗೇ ಬಿಡಬಹುದಿತ್ತು. ಹೇಳಿದಂತೆಯೂ ಆಗುತ್ತಿತ್ತು, ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಆ ನಗುವಿನ ಮರೆಯಲ್ಲಿ ಒಂದು ಕ್ಷಣ ಅವನಿಗೆ ಸುಖವೆನಿಸಿತು. ಆ ಸುಖಕ್ಕೇ ಅವನು ಹೆದರಿದ.

"ದೇವರ ದಾಹ ಅಲ್ಲ" ಎಂದ. "ಹೆಡ್ ಗ್ಯಾಸ್ಕೆಟ್ ಹೋಗಿದೆ. ನೀರು ಇಂಜಿನ್ನೊಳಗೆ ಹೋಗ್ತಿದೆ. ಮರಳಿಗೆ ಇಳಿದ್ರೆ ಅರ್ಧ ದಾರಿ ದಾಟಲ್ಲ ಇದು. ಅವ್ವನ್ನ ಕೆಳಗಿಳಿಸಮ್ಮ."

ಪಾದ್ರಿಯ ಕೈಯಲ್ಲಿ ತಂಬಿಗೆ ಹಾಗೇ ನಿಂತಿತು. ಬಕೆಟ್ ತಂದವಳು ಅದನ್ನು ಮೆಲ್ಲಗೆ ಕೆಳಗಿಟ್ಟಳು.

ಕೆಲೆಬೊನ್ಯೆ ಎತ್ತಿದ ಬಾನೆಟ್ಟಿನ ಅಂಚಿಗೆ ಕೈಯಿಟ್ಟಳು. "ನಾನು ನೋಡೋಕೆ ಬಂದಾಗ ಬಾನೆಟ್ ಬಿಸಿ ಇತ್ತು. ಎಲ್ಲಿಗೋ ಹೋಗಿ ಬಂದಿದೀಯ ಅಂದ್ಕೊಂಡೆ."

"ಎಲ್ಲಿಗೂ ಹೋಗಿರಲಿಲ್ಲ."

ಅವಳು ಬಾಗಿಲು ತೆಗೆದು ತಾಯಿಯ ಕೈ ಹಿಡಿದಳು. ಮುದುಕಿ ಮುಖವರಳಿಸಿ, "ಬಂದ್ಬಿಟ್ವಾ? ದನ ಎಲ್ಲಿ, ಸದ್ದೇ ಇಲ್ಲ?" ಎಂದಳು.

ಗಾಡಿಯನ್ನು ತಾನೇ ಒಯ್ಯುತ್ತೇನೆಂದು ಕೆರೆಂಗ್ ಕೀಲಿ ತಿರುಗಿಸಿದ. ಟಕ್ ಎಂದು ಒಂದು ಸದ್ದು, ಅಷ್ಟೇ. ಕುಡಿದ ನೀರೆಲ್ಲ ಇಂಜಿನ್ನಿನ ಎದೆಗೆ ಇಳಿದು ಕೂತಿತ್ತು. ಕೊನೆಗೆ ಕೆಲೆಬೊನ್ಯೆಯೇ ತನ್ನ ಕತ್ತೆಗಳನ್ನು ತಂದು ಹಗ್ಗ ಬಿಗಿದಳು. ಅವನು ಸ್ಟಿಯರಿಂಗ್ ಹಿಡಿದು ಕೂತ. ಕತ್ತೆಗಳ ಪಕ್ಕದಲ್ಲಿ ಅವಳು ನಡೆದಳು. ಊರಿನ ಅಂಗಳಗಳಲ್ಲಿ ಜನ ನಿಂತು ನೋಡಿದರು. ಯಾರಾದರೂ ನಗಬಾರದೇ ಎಂದು ಅವನಿಗೆ ಅನಿಸಿತು. ಯಾರೂ ನಗಲಿಲ್ಲ.

ಮನೆ ಮುಟ್ಟಿದ ಮೇಲೆ ಅವನೇ ದೊಡ್ಡಿಯ ಬಾಗಿಲು ತೆಗೆದ. ಅವಳು ಮೂರೂ ಕಡಸುಗಳ ತೊಡೆಯ ಮೇಲೆ ಕೈಯಾಡಿಸಿದಳು. ಹೊಸ ಮುದ್ರೆಯಿರಲಿಲ್ಲ. ಅದನ್ನು ಕಂಡು ಅವಳು ಏನಾದರೂ ಅಂದಾಳು ಎಂದು ಅವನು ಕಾದ. ಅವಳು ಹಗ್ಗ ಬಿಚ್ಚಿ, ಕತ್ತೆಗಳನ್ನೂ ಕಡಸುಗಳನ್ನೂ ಹೊಡೆದುಕೊಂಡು ಹೊರಟು, ಅಂಗಳದ ಬೇಲಿಯ ಹತ್ತಿರ ತಿರುಗಿದಳು.

"ಅಣ್ಣಾ, ನಾನು ಇವುಗಳ ಗುಣ ಎಲ್ಲಾ ಹೇಳಿದ್ದೆ ಅಲ್ವಾ? ಏನೂ ಬಿಟ್ಟಿರಲಿಲ್ಲ ತಾನೆ?"

"ಹೇಳಿದ್ದೆಯಮ್ಮ. ಏನೂ ಬಿಟ್ಟಿರಲಿಲ್ಲ."

ಅವಳು ತಲೆಯಾಡಿಸಿ ನಡೆದಳು. ಹಿಂದುಳಿದಿದ್ದ ಮಚ್ಚೆಯ ಕಡಸು ಅಂಗಳದ ತೆರೆದ ಬಾಗಿಲು ಬಿಟ್ಟು, ಬೇಲಿ ಹಾರಿಯೇ ಅವಳ ಹಿಂದೆ ಓಡಿತು. ಪಿಕಪ್ಪಿನ ಕೆಳಗೆ ಪ್ರಾರ್ಥನೆಯ ನೀರು ತೊಟ್ಟಿಕ್ಕುತ್ತಲೇ ಇತ್ತು. ಗೊರಾಟಾ ಒಳಗಿನಿಂದ ಒಂದು ಬೋಗುಣಿ ತಂದು ಅದರಡಿ ಇಟ್ಟಳು.