ಒಲೆ ಓಣಿಯ ಕಡೆಯ ಗೋಡೆ

ಗಾಜಿನ ಜಾಗಕ್ಕೆ ಅಂಟಿಸಬೇಕಿದ್ದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಘಿಜ್ಲಾನ್ ಮತ್ತೆ ಕತ್ತರಿಸಿದಳು. ಅಂಚು ಮತ್ತೆ ಸೊಟ್ಟಗಾಯಿತು. ಅಡುಗೆಮನೆಯ ಮೇಜಿನ ಒಂದರ್ಧದಲ್ಲಿ ಅವಳು ವಿನ್ಯಾಸ ಮಾಡಿದ ಬ್ಯಾಂಕಿನ ರಟ್ಟಿನ ಮಾದರಿ, ಇನ್ನರ್ಧದಲ್ಲಿ ತಾಯಿ ಯಾಮ್ನಾಳ ರೊಟ್ಟಿ ಹಿಟ್ಟು. ನಾಳೆ ರಾಜಧಾನಿ ರಬಾತ್‌ನಿಂದ ಬ್ಯಾಂಕಿನವರು ಅವಳೂರು ಸೆಫ್ರೂಗೆ ಅದನ್ನು ನೋಡಲು ಬರುತ್ತಾರೆ. ನಕ್ಷೆಗೆ ಆಗಲೇ ತಲೆದೂಗಿದ್ದರು: ಊರಿನವರೆಲ್ಲ ಬಂದು ಕೂರುವಂಥ ಹಜಾರ, ಮುಂಭಾಗವೆಲ್ಲ ಗಾಜು, ಒಂದೇ ಬಾಗಿಲು. ಇನ್ನೊಂದಿದ್ದರೆ ಕಾವಲಿನ ಖರ್ಚು ಎಂದಿದ್ದರು. ಆದರೂ ಬೆಳಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

"ಈ ಗಾಜಿನ ಎದುರಿಗೇನಿದೆ?" ಯಾಮ್ನಾ ಕೇಳಿದಳು.

"ರಸ್ತೆ. ಆಚೆ ಕಾಫಿ ಅಂಗಡಿ."

ತಾಯಿ ತಟ್ಟೆಯಲ್ಲಿದ್ದ ಆಲಿವ್ ಬೀಜಗಳನ್ನು ಹೆಕ್ಕಿ ಗಾಜಿನೆದುರು ಸಾಲಾಗಿ ಇಟ್ಟಳು. "ತಗೋ, ಗಂಡಸರೆಲ್ಲ ಬಂದು ಕೂತ್ರು. ಇವನು ಕ್ಷೌರದವನು, ಇವನು ದಲ್ಲಾಳಿ, ಈ ದಪ್ಪಗಿರೋನು ನಮ್ಮ ಅಳಿಯ. ಒಂದು ಲೋಟ ಕಾಫಿ ಹಿಡಿದ್ರೆ ಮಧ್ಯಾಹ್ನದವರೆಗೂ ಬೀದಿ ಕಾಯ್ತಾನೆ. ಸಂಬಳ ಇಲ್ಲದ ಪೊಲೀಸು!"

ಬಟಾಣಿ ಬಿಡಿಸುತ್ತಿದ್ದ ಅಕ್ಕ ಬತೂಲ್ ನಗಲಿಲ್ಲ.

"ಅಮ್ಮಾ, ಒಳಗೇನು ನಡೀತಿದೆ ಅಂತ ಕಂಡ್ರೆ ಜನಕ್ಕೆ ಭಯ ಹೋಗುತ್ತೆ. ಅದಕ್ಕೇ ಗಾಜು," ಎಂದಳು ಘಿಜ್ಲಾನ್.

"ಯಾವ ಜನಕ್ಕೆ?" ಬತೂಲ್ ತಲೆಯೆತ್ತಲಿಲ್ಲ. "ಕಸೂತಿ ದುಡ್ಡಿಗೆ ಖಾತೆ ತೆಗಿ ಅಂತ ನೀನೇ ನನ್ನ ಪ್ರಾಣ ತಿಂತಿದ್ದೆ. ಆ ಬಾಗಿಲು ದಾಟಿದ್ರೆ ಸಾಕು, ನಾನು ಮನೆ ಮುಟ್ಟೋದ್ರೊಳಗೆ ನಮ್ಮನೆಯವರು ದುಡ್ಡಿಗೆ ಕೈ ಚಾಚ್ಕೊಂಡು ನಿಂತಿರ್ತಾರೆ."

ಅವಳ ಫೋನು ಹೊಡೆದುಕೊಂಡಿತು. "ಅಮ್ಮನ ಮನೇಲಿದೀನಿ ರೀ, ಇನ್ನೆಲ್ಲಿರ್ತೀನಿ? ಬಂದೆ." ಎದ್ದು, ಬಟ್ಟೆ ಮುಚ್ಚಿದ ಹಸಿ ರೊಟ್ಟಿಯ ಹಲಗೆಯನ್ನು ತೋಳಿಗೇರಿಸಿದಳು. "ಹೋಗ್ತಾ ಇದನ್ನ ಓಣಿ ಒಲೆಗೆ ಸುಡೋಕೆ ಕೊಟ್ಟು ಹೋಗ್ತೀನಮ್ಮ."

ಘಿಜ್ಲಾನ್ ಕಿಟಕಿಗೆ ಬಂದಳು. ಕಾಫಿ ಅಂಗಡಿಯ ಮುಂದೆ ಬತೂಲ್ ಸೆರಗಿನಂತೆ ತಲೆವಸ್ತ್ರ ಎಳೆದುಕೊಂಡು ಸರಸರನೆ ನಡೆದಳು. ಬ್ಯಾಂಕು ಏಳಬೇಕಿದ್ದ ಖಾಲಿ ನಿವೇಶನ ಬಳಸಿ ಹಿಂದಿನ ಓಣಿಗೆ ಹೊರಳಿದ ಮೇಲೆ ಹೆಜ್ಜೆ ನಿಧಾನವಾಯಿತು. ಊರವರೆಲ್ಲ ರೊಟ್ಟಿ ಸುಡಿಸುವ ಒಲೆಯ ಮುಂದೆ ಹಲಗೆ ಹೊತ್ತ ಹೆಂಗಸರು ನಿಂತಿದ್ದರು. ಒಬ್ಬಳು ಏನೋ ಅಂದಳು. ಬತೂಲ್ ಜೋರಾಗಿ ನಕ್ಕಳು. ರೊಟ್ಟಿ ಹಿಡಿದು ಹೊರಟವಳನ್ನು ಎಲ್ಲಿಗೆಂದು ಯಾರೂ ಕೇಳುವುದಿಲ್ಲ.

ಘಿಜ್ಲಾನ್ ಮಾದರಿಯನ್ನು ತಿರುಗಿಸಿದಳು. ಓಣಿಯ ಕಡೆಗಿದ್ದದ್ದು ಬರೀ ಗೋಡೆ. ಅಲ್ಲಿ ಚಾಕು ಊರಿದಳು.

"ಮುಗಿದಿತ್ತಲ್ಲೇ, ಮತ್ತೇನು ಕೊಯ್ತಿದೀಯ?"

"ಅಂಚು ಸರಿಯಿರಲಿಲ್ಲಮ್ಮ."

ಬಾಗಿಲಿನಗಲದ ರಟ್ಟಿನ ತುಂಡು ಅವಳ ಅಂಗೈಗೆ ಬಿತ್ತು. ಮೇಜಿನ ಆಚೆ ಬದಿಯಲ್ಲಿ ಆಲಿವ್ ಬೀಜಗಳು ಗಾಜಿನೆದುರು ಸಾಲಾಗಿ ಕೂತೇ ಇದ್ದವು.