ಐವತ್ತೆಂಟು ಶುಕ್ರವಾರ

ಅರ್ಜಿಯಲ್ಲಿ 'ಅನುಭವ' ಎಂಬ ಖಾನೆಯೆದುರು ಶಮ್ನಾ 'ಇಲ್ಲ' ಎಂದು ಬರೆದಳು. ಅಕ್ಷರವೇನೋ ದುಂಡಗೆ ಚೆನ್ನಾಗಿತ್ತು, ಬರೆದದ್ದು ಮಾತ್ರ ಶುದ್ಧ ಸುಳ್ಳು. ಪಾಪ, ಅದು ಸುಳ್ಳೆಂದು ಅವಳಿಗೇ ಗೊತ್ತಿರಲಿಲ್ಲ.

ಮೂಡುಬಿದಿರೆಯ ಆ ಕಚೇರಿಯವರು, ಗಲ್ಫಿನಲ್ಲಿರುವವರಿಗೆ ಊರಿನಲ್ಲಿ ಮನೆ ಕಟ್ಟಿಸಿಕೊಡುತ್ತಿದ್ದರು. ಪ್ರಾಜೆಕ್ಟ್ ಕೋಆರ್ಡಿನೇಟರ್ ಬೇಕಾಗಿದ್ದಾರೆ ಎಂಬ ಜಾಹೀರಾತು ನೋಡಿ ಶಮ್ನಾ ಗುರುವಾಯನಕೆರೆಯಿಂದ ಬೆಳಗ್ಗಿನ ಬಸ್ಸು ಹತ್ತಿ ಬಂದಿದ್ದಳು. ವಯಸ್ಸು ಮೂವತ್ತೊಂದು, ಓದಿದ್ದು ಬಿ.ಕಾಂ. ಬಂಟ್ವಾಳದ ಎರಡು ಕಚೇರಿಗಳು 'ಅನುಭವ ಇಲ್ಲವಲ್ಲ' ಎಂದು ವಾಪಸು ಕಳಿಸಿದ್ದವು. ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವ ಎಲ್ಲಿಂದ ಬರಬೇಕು ಎಂದು ಕೇಳಲು ಅಲ್ಲಿ ಅವಳಿಗೆ ಬಾಯಿ ಬಂದಿರಲಿಲ್ಲ. ಅವಳಿಗೆ ಬೇಕಿದ್ದದ್ದು ದೊಡ್ಡದೇನಲ್ಲ. ತನ್ನದೊಂದು ಮೇಜು. 'ಶಮ್ನಾ, ಆ ಕೆಲಸ ಎಲ್ಲಿಗೆ ಬಂತು?' ಎಂದು ಯಾರಾದರೂ ಅವಳನ್ನೇ ಕೇಳಬೇಕು. ಅಷ್ಟೇ.

ಹಿಂದಿನ ವರ್ಷ ಅವಳ ಅಣ್ಣ ಹಾರಿಸ್ ಊರಿನಲ್ಲೊಂದು ಮನೆ ಕಟ್ಟಿಸಿದ್ದ. ಕಟ್ಟಿಸಿದ್ದ ಎಂದರೆ, ಅವನು ಸೌದಿಯ ದಮ್ಮಾಮಿನಲ್ಲಿದ್ದ, ಮನೆ ಗುರುವಾಯನಕೆರೆಯಲ್ಲಿ ಏಳುತ್ತಿತ್ತು. ಹದಿನಾಲ್ಕು ತಿಂಗಳು ಕೆಲಸದವರ ಬೆನ್ನು ಹತ್ತಿ ನಿಂತವಳು ಶಮ್ನಾ. ಶುಕ್ರವಾರ ಅಣ್ಣನಿಗೆ ರಜೆ. ಹಬ್ಬದ ಮೂರು ವಾರ ಬಿಟ್ಟರೆ ಆ ದಿನ ತಪ್ಪದೆ ವಾಟ್ಸಾಪಿನಲ್ಲಿ ಧ್ವನಿಸಂದೇಶ ಕಳಿಸುತ್ತಿದ್ದಳು: ಈ ವಾರ ಆದದ್ದೇನು, ನಿಂತದ್ದೇನು, ತೀರ್ಮಾನ ಆಗಬೇಕಾದದ್ದೇನು. ಅತ್ತಲಿಂದ ಒಂದು ಹೆಬ್ಬೆರಳಿನ ಚಿತ್ರ ಬರುತ್ತಿತ್ತು. ಅಣ್ಣ ಒಪ್ಪಿದ ಎಂದುಕೊಂಡು ಅವಳು ಮುಂದುವರಿಯುತ್ತಿದ್ದಳು.

ಮನೆಯೊಕ್ಕಲಿನ ದಿನ ಹಾರಿಸ್ ಬಂದಿದ್ದ. ದುವಾ ಪ್ರಾರ್ಥನೆ ಮುಗಿದ ಮೇಲೆ ಚಪ್ಪರದಲ್ಲಿ ಮೈಕ್ ಹಿಡಿದು, ದುಡಿದವರನ್ನು ಒಬ್ಬೊಬ್ಬರಾಗಿ ಕರೆದು ಶಾಲು ಹೊದಿಸಿದ. ಮೇಸ್ತ್ರಿ ಜಿತೇಶ್, ಬಡಗಿ, ವೈರಿಂಗಿನವನು, ಕೊನೆಗೆ ಪಂಪು ಕೂರಿಸಿದವನು ಕೂಡ. ಶಮ್ನಾ ಅಡುಗೆಮನೆಯಲ್ಲಿ ಸೌಟು ಹಿಡಿದುಕೊಂಡೇ ಕಿವಿಗೊಟ್ಟು ನಿಂತಿದ್ದಳು. ಮೈಕ್ ಆರಿತು. ಮನೆಯವರಿಗೆ ಯಾರಾದರೂ ಶಾಲು ಹೊದಿಸುತ್ತಾರೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೂ ಎಷ್ಟೋ ದಿನ ಹೆಗಲು ಬರಿದಾಗಿರುವಂತೆ ಅನ್ನಿಸುತ್ತಿತ್ತು.

ಕಚೇರಿಯ ಯಜಮಾನರು ಕಮಲಾಕ್ಷ. ಅರ್ಜಿ ನೋಡಿ ಕನ್ನಡಕ ತೆಗೆದಿಟ್ಟರು.

"ಅನುಭವ ಇಲ್ಲದವರನ್ನು ತಗೊಂಡು ನಾನೆಂತ ಮಾಡುವುದು ಮಾರಾಯ್ರೆ? ಇಷ್ಟು ವರ್ಷ ಎಂತ ಮಾಡ್ತಾ ಇದ್ರಿ?"

"ಮನೆಯಲ್ಲೇ ಇದ್ದೆ ಸರ್. ಅಣ್ಣನ ಮನೆ ಕಟ್ಟುವಾಗ ಸ್ವಲ್ಪ ನೋಡಿಕೊಂಡಿದ್ದೆ. ಎಲ್ಲ ಅವ ಹೇಳಿದ ಹಾಗೆಯೇ. ಪ್ರತಿ ಶುಕ್ರವಾರ ಅವನಿಗೆ ವಾಯ್ಸ್ ಕಳಿಸ್ತಿದ್ದೆ."

"ಒಂದು ಹಾಕಿ, ಕೇಳುವ."

"ಬ್ಯಾರಿ ಭಾಷೆಯಲ್ಲಿ ಉಂಟು ಸರ್."

"ನಮ್ಮ ಗಿರಾಕಿಗಳಲ್ಲಿ ಅರ್ಧ ಬ್ಯಾರಿಗಳೇ. ನನಗೆ ಅರ್ಥ ಆಗ್ತದೆ, ಹಾಕಿ."

ಫೋನಿನಿಂದ ಶಮ್ನಾಳ ದನಿ ಹೊರಟಿತು. ಮೆಟ್ಟಿಲು ಅಡುಗೆಮನೆಯ ಬಾಗಿಲಿಗೆ ಅಡ್ಡ ಬರುತ್ತದೆ, ಆಚೆ ತಿರುಗಿಸಬೇಕು. ಬುಧವಾರದೊಳಗೆ ನೀನು ಬೇಡ ಅನ್ನದಿದ್ದರೆ ಜಿತೇಶನಿಗೆ ಹೇಳುತ್ತೇನೆ. ವೈರಿಂಗಿನವರು ಪೈಪು ಇಡುವವರೆಗೆ ಸಾರಣೆ ಶುರು ಮಾಡಿಸುವುದಿಲ್ಲ. ಕಿಟಕಿಯ ಮರ ಬಂದಿಲ್ಲ, ನಾಳೆ ನಾನೇ ಮರದ ಮಿಲ್ಲಿಗೆ ಹೋಗಿ ಕೂರುತ್ತೇನೆ.

ಕಮಲಾಕ್ಷರು ನೆಟ್ಟಗೆ ಕುಳಿತರು. ಪಕ್ಕದ ಮೇಜಿನ ದೀಕ್ಷಿತಾ ಇಣುಕಿ ನೋಡಿ, "ಅಕ್ಕ, ಇದರ ಮೈಕಿನ ಗುರುತು ಬೂದು ಉಂಟಲ್ಲ. ಅವರು ಕೇಳಿದ್ರೆ ನೀಲಿ ಆಗ್ತದೆ" ಎಂದಳು.

ಶಮ್ನಾ ಬೆರಳಾಡಿಸಿದಳು. ಮೊದಲ ನಾಲ್ಕು ಶುಕ್ರವಾರ ನೀಲಿ. ಉಳಿದ ಐವತ್ತನಾಲ್ಕೂ ಬೂದು. ಒಂದೊಂದರ ಕೆಳಗೂ ಹೆಬ್ಬೆರಳು.

ಜ್ವರದಲ್ಲೇ ಬಿಸಿಲಿಗೆ ನಿಂತು ತಾರಸಿ ಹಾಕಿಸಿದ ದಿನ, 'ಇವತ್ತು ತುಂಬ ಸುಸ್ತಾಯಿತು' ಎಂದು ಒಮ್ಮೆ, ಒಮ್ಮೆ ಮಾತ್ರ ಹೇಳಿಕೊಂಡಿದ್ದಳು. ಅದನ್ನು ಹುಡುಕಿದಳು. ಅದೂ ಬೂದು. ಇಂಟರ್‌ವ್ಯೂ ಎಂಬುದನ್ನೂ ಮರೆತು ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡಳು.

ಕಮಲಾಕ್ಷರು ಕೇಳಿದರು, "ಹಾಗಾದ್ರೆ ಮೆಟ್ಟಿಲು ತಿರುಗಿಸಿದ್ದು ಯಾರು?"

"ಅಣ್ಣ..." ಎಂದವಳು ನಿಲ್ಲಿಸಿದಳು. "ನಾನು ಸರ್."

"ಆ ಖಾನೆ ಸರಿಯಾಗಿ ಬರೆಯಿರಿ. ಸೋಮವಾರದಿಂದ ಬನ್ನಿ, ಮೂರು ತಿಂಗಳು ನೋಡುವ."

ಶಮ್ನಾ 'ಇಲ್ಲ' ಎಂಬುದನ್ನು ಹೊಡೆದು ಹಾಕಿ 'ಹದಿನಾಲ್ಕು ತಿಂಗಳು' ಎಂದು ಬರೆದಳು. ಈ ಸಲ ಅಕ್ಷರ ಸ್ವಲ್ಪ ಸೊಟ್ಟಗಾಯಿತು.

ಅವತ್ತೂ ಶುಕ್ರವಾರವೇ. ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಫೋನನ್ನು ಬಾಯಿಯ ಹತ್ತಿರ ಹಿಡಿದು, "ನನಗೆ ಕೆಲಸ ಸಿಕ್ಕಿತು" ಎಂದು ಅಣ್ಣನಿಗೆ ಹೇಳಿ ಕಳಿಸಿದಳು. ಮೂರೇ ಪದ, ಟೈಪ್ ಮಾಡಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಆದರೆ ತನ್ನ ದನಿಯಲ್ಲೇ ಅವನು ಅದನ್ನು ಕೇಳಬೇಕೆಂದು ಅವಳಿಗೆ ಆಸೆ.

ವೇಣೂರು ದಾಟುವಾಗ ಹೆಬ್ಬೆರಳು ಬಂತು.

ಗುರುವಾಯನಕೆರೆಯಲ್ಲಿ ಇಳಿದವಳು, ಫೋನು ಚೀಲಕ್ಕೆ ಹಾಕುವ ಮೊದಲು ಇನ್ನೊಮ್ಮೆ ನೋಡಿದಳು. ಬೂದು.