ಪರದೆಯ ಮೇಲಿನ ನಂದಾದೀಪ

ಹೊನ್ನಾವರದ ಮೀನುಗಾರರ ಸಂಘದ ಬಾಗಿಲು ತೆರೆಯುತ್ತಲೇ ಕೃಷ್ಣಾನಂದ ಒಳಗೆ ಬಂದು ಕೂತಿದ್ದ. ಆ ವರ್ಷ, ಎರಡು ಸಾವಿರದ ನಾಲ್ಕರಲ್ಲಿ, ಸಂಘಕ್ಕೆ ಕಂಪ್ಯೂಟರ್ ಕೂಡಿಸಿಕೊಟ್ಟವನು ಅವನೇ, ಕುಮಟಾದಲ್ಲಿ ಬಿ.ಎಸ್ಸಿ. ಮುಗಿಸಿದ ಮೇಲೆ ಸಿಕ್ಕ ಮೊದಲ ದೊಡ್ಡ ಕೆಲಸ. ನಿಜವಾದ ಕಂಪ್ಯೂಟರ್ ಒಳಕೋಣೆಯಲ್ಲಿತ್ತು. ಕೌಂಟರುಗಳ ಮೇಲಿದ್ದದ್ದು ಪರದೆ, ಕೀಬೋರ್ಡು, ಒಂದು ಪುಟ್ಟ ಡಬ್ಬಿ ಮಾತ್ರ. ಇಲ್ಲಿ ಒತ್ತಿದ ಅಕ್ಷರ ತಂತಿ ಹಿಡಿದು ಒಳಗೆ ಹೋಗಬೇಕು, ಅದರ ಚಿತ್ರ ತಿರುಗಿ ಇಲ್ಲಿಗೆ ಬರಬೇಕು.

ಅದು ಬೇಗ ಬರುತ್ತಲೇ ಇರಲಿಲ್ಲ. ದೋಣಿಗಳು ಅಳಿವೆ ದಾಟಿ ಕಡಲಿಗಿಳಿಯುವ ಹೊತ್ತು ಮೀರುತ್ತಿದ್ದರೂ ಡೀಸೆಲ್ ಚೀಟಿ ಸಿಗದೆ ಜನ ಕೌಂಟರಿನ ಸುಮತಿಯ ಮೇಲೆ ಹರಿಹಾಯುತ್ತಿದ್ದರು. ಹಿಂದಿನ ದಿನ ಅಧ್ಯಕ್ಷ ಮಾಬ್ಲೇಶ್ವರರು ಎಲ್ಲರೆದುರು ಕಾರಣ ಕೇಳಿದಾಗ ಕೃಷ್ಣಾನಂದ ಯೋಚಿಸದೆ ಹೇಳಿಬಿಟ್ಟಿದ್ದ: ಸುಮತಕ್ಕ ತಾಳ್ಮೆಯಿಲ್ಲದೆ ಒಂದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಾರೆ, ಅದಕ್ಕೇ ಹೀಗೆ. ಸಂಜೆಯೊಳಗೆ ಅವಳನ್ನು ಹಿತ್ತಲಿನ ಐಸ್ ಗೋದಾಮಿಗೆ ಹಾಕಿ, ಕೌಂಟರಿನಲ್ಲಿ ಸಂಘದ ಇನ್ನೊಬ್ಬ ನೌಕರ ದಿನೇಶನನ್ನು ಕೂರಿಸುವುದೆಂದು ತೀರ್ಮಾನವಾಗಿತ್ತು.

ಈಗ ಕೌಂಟರಿನಲ್ಲಿ ಯಾರೂ ಇರಲಿಲ್ಲ. ಯಾರೂ ಏನನ್ನೂ ಒತ್ತುತ್ತಿರಲಿಲ್ಲ. ಆದರೂ ತಂತಿಗಳೆಲ್ಲ ಸೇರುವ ಪೆಟ್ಟಿಗೆಯ ಹಸಿರು ಚುಕ್ಕೆಗಳು ಬಿಡುವಿಲ್ಲದೆ ಮಿನುಗುತ್ತಿದ್ದವು. ಕೃಷ್ಣಾನಂದ ಪರದೆ ನೋಡಿದ. ಅಲ್ಲಿ ಅಲುಗುತ್ತಿದ್ದದ್ದು ಒಂದೇ: ಲಕ್ಷ್ಮಿಯ ಪಟದ ಮುಂದಿನ ನಂದಾದೀಪದ ಕುಡಿ. ಉದ್ಘಾಟನೆಯ ದಿನ ಅಧ್ಯಕ್ಷರನ್ನು ಮೆಚ್ಚಿಸಲು ಪರದೆಗೆ ಅವನೇ ಹಾಕಿದ್ದ ಅಲುಗುವ ಚಿತ್ರ ಅದು. ಆ ಕುಡಿ ಒಮ್ಮೆ ತೂಗಿದರೆ ಸಾಕು, ಹೊಸ ಚಿತ್ರ ಒಳಕೋಣೆಯಿಂದ ಎಲ್ಲ ಪರದೆಗಳಿಗೂ ಓಡಬೇಕು. ಇಷ್ಟು ದಿನ ಸುಮತಿಯ ಅಕ್ಷರಗಳು ಅದರ ಹಿಂದೆ ಕಾಯುತ್ತ ನಿಲ್ಲುತ್ತಿದ್ದವು.

ಅವನು ದೀಪ ತೆಗೆದ, ಪಟ ತೆಗೆದ, ಪರದೆಯ ಬಣ್ಣಗಳನ್ನು ಕಡಿಮೆ ಮಾಡಿದ. ಒಂದು ಅಕ್ಷರ ಒತ್ತಿದ. ಬೆರಳು ಏಳುವ ಮೊದಲೇ ಅದು ಪರದೆಯ ಮೇಲಿತ್ತು.

ಅಧ್ಯಕ್ಷರು ಬಂದ ಕೂಡಲೇ ತಪ್ಪು ತನ್ನದೆಂದು ಹೇಳಬೇಕೆಂದುಕೊಂಡ. ಆದರೆ ಅವರಿಗಿಂತ ಮೊದಲು ಜನ ನುಗ್ಗಿತು, ದಿನೇಶ ಕೂತ, ಚೀಟಿಗಳು ಸರಸರನೆ ಹೊರಬಂದವು.

"ಕೈ ಬದ್ಲಾಗಿದ್ದೇ ಸೈ, ಹೆಂಗೆ ಓಡ್ತದೆ ನೋಡಿ," ಎಂದು ಸಾಲಿನಲ್ಲಿದ್ದ ದೇವು ನಕ್ಕ. "ಇಷ್ಟು ದಿನ ಅಕ್ಕ ಅಲ್ಲಿ ಅವಲಕ್ಕಿ ಕುಟ್ತಿದ್ರು."

ಆಗಷ್ಟೇ ಬಂದ ಮಾಬ್ಲೇಶ್ವರರು ಕೃಷ್ಣಾನಂದನ ಬೆನ್ನು ತಟ್ಟಿ, ರೋಗ ಸರಿಯಾಗಿ ಹಿಡಿದೆ ತಮಾ ಅಂದರು. ಬಾಯಿ ತೆರೆಯಬೇಕಾದ ಹೊತ್ತು ಅದೇ ಆಗಿತ್ತು. ಅವನು ತಲೆ ತಗ್ಗಿಸಿದ. ಅದನ್ನವರು ವಿನಯವೆಂದುಕೊಂಡರು.

ಆಮೇಲೆ ಹಿತ್ತಲಿಗೆ ಹೋದ. ಸುಮತಿ ಐಸ್ ಪೆಟ್ಟಿಗೆಗಳ ನಡುವೆ ಸೆರಗು ಹೊದ್ದು ಕೂತಿದ್ದಳು. ಒಳಗಿನ ನಗು ಅಲ್ಲಿಗೂ ಕೇಳುತ್ತಿತ್ತು. ಅವನು ತೊದಲುತ್ತ ಎಲ್ಲವನ್ನೂ ಹೇಳಿದ.

ಅವಳು ಸೆರಗನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು.

"ನಂಗೆ ಎಂತಕ್ಕೆ ಹೇಳ್ತಿ?" ಎಂದಳು. "ನನ್ನ ತಪ್ಪಲ್ಲ ಅಂತ ನಂಗೆ ಗೊತ್ತಿತ್ತಲ್ಲ. ಗೊತ್ತಿಲ್ದೇ ಇದ್ದವ್ರು ಆಚೆಗಿದ್ದಾರೆ."

ಅವನು ತಿರುಗಿ ಬಂದಾಗ ಸಾಲು ಇನ್ನೂ ಇತ್ತು. ಅಧ್ಯಕ್ಷರ ಕೋಣೆಗೆ ಹೋಗಿ, ಬಾಗಿಲು ಮುಚ್ಚಿಕೊಂಡು ಹೇಳಬಹುದಿತ್ತು. ಅವನು ಕೌಂಟರಿನ ಮುಂದೆಯೇ ನಿಂತ.

"ಸುಮತಕ್ಕನ ತಪ್ಪಿರ್ಲಿಲ್ಲ," ಎಂದ. ಧ್ವನಿ ಸಾಲದೆ ಮತ್ತೊಮ್ಮೆ ಹೇಳಬೇಕಾಯಿತು. "ನಾ ಹಾಕಿದ ದೀಪದಿಂದ ನಿಧಾನ ಆಗ್ತಿತ್ತು. ಬೆಳಿಗ್ಗೆ ತೆಗ್ದೆ. ನೋಡದೇ ಅವರ ಮೇಲೆ ಹಾಕಿದವ ನಾನು."

ಯಾರೂ ನಗಲಿಲ್ಲ. ದೇವು ಕೈಯಲ್ಲಿದ್ದ ಚೀಟಿಯನ್ನು ಮಡಚತೊಡಗಿದ. ಮಾಬ್ಲೇಶ್ವರರು ಬಾಗಿಲಿಗೆ ಬಂದು ಕೃಷ್ಣಾನಂದನನ್ನೇ ನೋಡಿದರು. ಆಮೇಲೆ ದಿನೇಶನಿಗೆ ಏಳಲು ಸನ್ನೆ ಮಾಡಿ, ಸುಮತಿಗೆ ಹೇಳಿಕಳಿಸಿದರು.

ಸುಮತಿ ಬಂದು ಕುರ್ಚಿ ಎಳೆದುಕೊಂಡಳು. ಥಂಡಿಗೆ ಮರಗಟ್ಟಿದ ಬೆರಳುಗಳನ್ನು ಉಜ್ಜಿಕೊಂಡು, ಕೃಷ್ಣಾನಂದನ ಮುಖ ನೋಡದೆ ಅವನಿಗೆ ಪಕ್ಕಕ್ಕೆ ಸರಿಯಲು ಹೇಳಿ, ಹಿಂದಿದ್ದವರನ್ನು ಕರೆದಳು.